ಮಂಗಳದ ಉತ್ತರ ಭಾಗ ಯಾಕೆ ಅಷ್ಟೊಂದು ತಗ್ಗು?

ಪ್ರಶ್ನೆ: ಮೇಡಂ, ನಾನು ಹೈಸ್ಕೂಲ್ ಮೇಷ್ಟ್ರು. ಮಂಗಳ ಗ್ರಹದ ಎತ್ತರ-ತಗ್ಗಿನ ಬಣ್ಣದ ನಕ್ಷೆಯನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಉತ್ತರ ಬಹುಪಾಲು ನೀಲಿ, ಅಂದರೆ ತಗ್ಗು. ದಕ್ಷಿಣ ಕೆಂಪು-ಹಳದಿ, ಅಂದರೆ ಎತ್ತರ. ಆ ಎತ್ತರದ ನಡುವೆ ಒಂದು ಭಾರಿ ನೀಲಿ ಗುಂಡಿ. ಅದೇನು? ಗ್ರಹ ಹೀಗೆ ಎರಡು ಪಾಲಾಗಿದ್ದು ಹೇಗೆ?

ಉತ್ತರ: ಮೇಷ್ಟ್ರೇ, ಮೊದಲು ಆ ಗುಂಡಿ ನೋಡೋಣ. ಅದರ ಹೆಸರು ಹೆಲ್ಲಾಸ್. ಅಗಲ ಸುಮಾರು 2,300 ಕಿ.ಮೀ., ಅಂದರೆ ಮಂಗಳದ ವ್ಯಾಸದ ಮೂರನೇ ಒಂದು ಪಾಲು. ಅಂಚಿನಿಂದ ತಳಕ್ಕೆ ಸುಮಾರು 9 ಕಿ.ಮೀ. ಆಳ. ಹತ್ತಿರಹತ್ತಿರ 400 ಕೋಟಿ ವರ್ಷ ಹಿಂದೆ ಒಂದು ಕ್ಷುದ್ರಗ್ರಹ ಬಡಿದು ಆದದ್ದು.

ಇಂಥ ಡಿಕ್ಕಿಯಲ್ಲಿ ಬರುವ ಬಂಡೆ ನೆಲವನ್ನು ಸುಮ್ನೆ ಅಗೆಯುವುದಿಲ್ಲ. ಬಡಿದ ಕ್ಷಣದಲ್ಲೇ ಸ್ಫೋಟವಾಗುತ್ತದೆ. ನೆಲದ ಕಲ್ಲು ಒಂದಿಷ್ಟು ಆವಿಯಾಗುತ್ತದೆ, ಒಂದಿಷ್ಟು ಕರಗುತ್ತದೆ, ಉಳಿದದ್ದು ಹೊರಕ್ಕೆ ಚಿಮ್ಮುತ್ತದೆ. ಮೇಲಿನ ಭಾರ ಹೋದ ಕೂಡಲೇ ಹೊರಪದರದ ಕೆಳಗಿರುವ, ಮ್ಯಾಂಟಲ್ ಎಂಬ ಬಿಸಿ ಕಲ್ಲಿನ ಪದರ ಉಬ್ಬಿ ಮೇಲೆ ಬರುತ್ತದೆ. ಹಾಗಾಗಿ ಹೆಲ್ಲಾಸ್ ಕೆಳಗೆ ಗ್ರಹದ ಹೊರಪದರ ತುಂಬಾ ತೆಳು.

ಚಿಮ್ಮಿದ ಕಲ್ಲುಮಣ್ಣು ಎಲ್ಲಿ ಹೋಯಿತು? ಬಹುಪಾಲು ಸುತ್ತಲೇ ಬಿತ್ತು. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯ ಲೇಸರ್ ಅಳತೆ 1999ರಲ್ಲಿ ಪ್ರಕಟವಾದಾಗ ಇದು ಸ್ಪಷ್ಟವಾಗಿ ಕಂಡಿತು. ಗುಂಡಿಯ ಸುತ್ತ ಸುಮಾರು 2 ಕಿ.ಮೀ. ಎತ್ತರದ ದಿಬ್ಬವಿದೆ. ಅದು ಗುಂಡಿಯ ನಡುವಿನಿಂದ 4,000 ಕಿ.ಮೀ. ತನಕ ಹರಡಿದೆ. ದಕ್ಷಿಣ ಅಷ್ಟು ಎತ್ತರವಿರುವುದರಲ್ಲಿ ಈ ಮಣ್ಣಿನದೂ ಪಾಲಿದೆ. ಮಕ್ಕಳಿಗೆ ಗುಂಡಿಯ ಜೊತೆ ಈ ದಿಬ್ಬವನ್ನೂ ದಯವಿಟ್ಟು ತೋರಿಸಿ. ಗುಂಡಿ ನೋಡಿದವರು ದಿಬ್ಬ ನೋಡುವುದೇ ಇಲ್ಲ!

ಇನ್ನು ಉತ್ತರದ ತಗ್ಗು. ಅದೂ ಒಂದೇ ಡಿಕ್ಕಿಯ ಗುಂಡಿ ಇರಬಹುದು ಎಂದು ವಿಲ್ಹೆಲ್ಮ್ಸ್ ಮತ್ತು ಸ್ಕ್ವೈರ್ಸ್ ಎಂಬ ವಿಜ್ಞಾನಿಗಳು 1984ರಲ್ಲೇ ಬರೆದರು. ಆದರೆ ಅದರ ಅಂಚು ಎಲ್ಲೂ ಸರಿಯಾಗಿ ಕೂಡುತ್ತಿರಲಿಲ್ಲ. ಆಮೇಲೆ ಬೆಳೆದ ಥಾರ್ಸಿಸ್ ಎಂಬ ಜ್ವಾಲಾಮುಖಿಗಳ ಪ್ರದೇಶ ಒಂದು ಕಡೆಯ ಅಂಚನ್ನು ಮುಚ್ಚಿಬಿಟ್ಟಿತ್ತು. ಗುರುತ್ವದ ಅಳತೆ ಇಟ್ಟುಕೊಂಡು ಥಾರ್ಸಿಸ್ ಕೆಳಗಿನ ಗಡಿಯನ್ನು 2008ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದರು. ಸಿಕ್ಕಿದ ಆಕಾರ ಮೊಟ್ಟೆಯಂತೆ ಉದ್ದುದ್ದ: ಸುಮಾರು 10,600 ಕಿ.ಮೀ. ಉದ್ದ, 8,500 ಕಿ.ಮೀ. ಅಗಲ. ಬಡಿದದ್ದು ಸುಮಾರು 2,000 ಕಿ.ಮೀ. ಅಗಲದ್ದಿರಬೇಕು ಎನ್ನುತ್ತದೆ ಲೆಕ್ಕ. ಇದು ನಿಜವಾದರೆ ಸೌರಮಂಡಲದಲ್ಲಿ ನಮಗೆ ಗೊತ್ತಿರುವ ಗುಂಡಿಗಳಲ್ಲೆಲ್ಲ ದೊಡ್ಡದು ಇದೇ.

ಮ್ಯಾಂಟಲ್ ಒಳಗಿನ ಹರಿವಿನಿಂದಲೇ ಒಂದು ಕಡೆ ಹೊರಪದರ ದಪ್ಪವಾಯಿತು ಎನ್ನುವವರೂ ಇದ್ದಾರೆ. ವಾದ ಮುಗಿದಿಲ್ಲ. ನನ್ನ ಒಲವು ಡಿಕ್ಕಿಯ ಕಡೆಗೆ.

ಇನ್ನೊಬ್ಬರು: ಡಿಕ್ಕಿಯ ಗುಂಡಿ ದುಂಡಗೆ ಇರಬೇಕಲ್ವಾ ಮೇಡಂ? ಇದು ಯಾಕೆ ಉದ್ದ?

ಉತ್ತರ: ಒಳ್ಳೆ ಪ್ರಶ್ನೆ. ಗ್ರಹದ ಮುಂದೆ ಬಂಡೆ ಚಿಕ್ಕದಾಗಿದ್ದರೆ ಸ್ಫೋಟ ಒಂದು ಬಿಂದುವಿನಲ್ಲಿ ಆದಂತೆ. ಓರೆಯಾಗಿ ಬಂದರೂ ಗುಂಡಿ ಸಾಮಾನ್ಯವಾಗಿ ದುಂಡಗೇ ಆಗುತ್ತದೆ. ಗ್ರಹದ ವ್ಯಾಸದ ಕಾಲು ಪಾಲಿಗಿಂತ ದೊಡ್ಡದು ಓರೆಯಾಗಿ ಬಡಿದರೆ ಆ ಲೆಕ್ಕ ನಡೆಯುವುದಿಲ್ಲ. ನೆಲವೇ ಬಾಗಿದೆ, ಹೊಡೆತ ಉದ್ದಕ್ಕೂ ಹರಡುತ್ತದೆ.

ಮೇಷ್ಟ್ರು: ಹಳೆಯ ನೆಲದಲ್ಲಿ ಕುಳಿಗಳು ಜಾಸ್ತಿ ಇರಬೇಕು. ಉತ್ತರದ ತಗ್ಗೂ ಅಷ್ಟು ಹಳೆಯದಾದರೆ ಅಲ್ಲಿ ಸಣ್ಣ ಕುಳಿಗಳು ಜಾಸ್ತಿ ಕಾಣುವುದಿಲ್ಲವಲ್ಲ?

ಉತ್ತರ: ಇವೆ, ಹೂತುಹೋಗಿವೆ. ಗುಂಡಿ ಬಿದ್ದ ರಸ್ತೆಗೆ ತೆಳ್ಳಗೆ ಡಾಂಬರು ಬಳಿದರೆ ತಗ್ಗುಗಳು ಮತ್ತೆ ಕಾಣುತ್ತವಲ್ಲ, ಹಾಗೇ. ಉತ್ತರದ ಬಯಲಿನ ಮೇಲೆ ಲಾವಾ ಮತ್ತು ಹೂಳು ಕೂತಿದೆ. ಫೋಟೋದಲ್ಲಿ ಸಪಾಟು. ಲೇಸರ್ ಅಳತೆಯಲ್ಲಿ ಮಾತ್ರ ದುಂಡನೆಯ ಮಸುಕು ತಗ್ಗುಗಳು ರಾಶಿರಾಶಿ ಕಂಡವು. ಅವನ್ನು ಎಣಿಸಿದಾಗ ಉತ್ತರದ ಅಡಿಪಾಯವೂ ದಕ್ಷಿಣದಷ್ಟೇ ಪುರಾತನ ಎಂದು ತಿಳಿಯಿತು. ಯುಟೋಪಿಯಾ ಎಂಬ, ಸುಮಾರು 3,300 ಕಿ.ಮೀ. ಅಗಲದ ಗುಂಡಿಯೂ ಹೀಗೆ ಅರ್ಧ ಹೂತದ್ದೇ. ಚೀನಾದ ಝೂರಾಂಗ್ ರೋವರ್ 2021ರಲ್ಲಿ ಇಳಿದದ್ದು ಅಲ್ಲೇ.

ಮತ್ತೊಬ್ಬರು: ಭೂಮಿಗೆ ಇಂಥವು ಬೀಳಲಿಲ್ವಾ?

ಉತ್ತರ: ಬಿದ್ದಿವೆ. ಮಳೆ, ಸವೆತ, ಭೂಫಲಕಗಳ ಚಲನೆ ಎಲ್ಲ ಸೇರಿ ಅಳಿಸಿಹಾಕಿವೆ. ಗುರುತು ಉಳಿದವುಗಳಲ್ಲಿ ದೊಡ್ಡದು ದಕ್ಷಿಣ ಆಫ್ರಿಕಾದ ವ್ರೆಡೆಫೋರ್ಟ್, ಸುಮಾರು 200 ಕೋಟಿ ವರ್ಷದ್ದು.

ಮೇಷ್ಟ್ರು: ನಾಸಾದ ಪರ್ಸಿವಿಯರೆನ್ಸ್ ರೋವರ್ ಇರುವ ಜಾಗಕ್ಕೂ ಈ ಡಿಕ್ಕಿಗಳಿಗೂ ಸಂಬಂಧ ಇದೆಯಾ?

ಉತ್ತರ: ನೇರ ಸಂಬಂಧವೇ ಇದೆ. ಆ ರೋವರ್ ಇಳಿದ ಜೆಜೆರೊ ಕುಳಿ ಇರುವುದು ಐಸಿಡಿಸ್ ಎಂಬ ದೊಡ್ಡ ಗುಂಡಿಯ ಪಶ್ಚಿಮ ಅಂಚಿನಲ್ಲಿ. ಐಸಿಡಿಸ್ ಮೊದಲು, ಜೆಜೆರೊ ಆಮೇಲೆ. ಎತ್ತರದ ಕಡೆಯಿಂದ ಹರಿದು ಬಂದ ನದಿ ಜೆಜೆರೊದಲ್ಲಿ ನಿಂತು ಕೆರೆಯಾಯಿತು, ಮುಖಜಭೂಮಿ ಕಟ್ಟಿತು. 2024ರ ಡಿಸೆಂಬರ್‌ನಲ್ಲಿ ರೋವರ್ ಕುಳಿಯ ಅಂಚಿನ ತುದಿಗೆ ಹತ್ತಿತು. ಅಂಚಿನಲ್ಲಿ ಮತ್ತು ಅದರಾಚೆ ಜೆಜೆರೊಗಿಂತ ಹಳೆಯ ಕಲ್ಲುಗಳಿವೆ. ಐಸಿಡಿಸ್ ಡಿಕ್ಕಿಗೆ ಪುಡಿಯಾದ ಕಲ್ಲೂ ಸಿಕ್ಕೀತು ಎಂದು ಹುಡುಕುತ್ತಿದ್ದಾರೆ. ನಿಮ್ಮ ನಕ್ಷೆಯಲ್ಲಿ 18 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವಕ್ಕೆ ಬೆರಳಿಡಿ. ಎತ್ತರ ಮುಗಿದು ತಗ್ಗು ಶುರುವಾಗುವ ಕಡೆಯೇ ಜೆಜೆರೊ.