ಪದಚರ್ಚೆ: ‘ಅನಾಕ್ರಮಣಕಾರಿ’ಗೆ ಬೇರೆ ಮಾತುಂಟೇ?

ಗೆಳೆಯರೇ,

ರೆಟಿನೈಟಿಸ್ ಪಿಗ್ಮೆಂಟೋಸಾ (ಕಣ್ಣಿನ ಹಿಂಬದಿಯ ರೆಟಿನಾ ಪದರ ಮೆಲ್ಲಮೆಲ್ಲಗೆ ಹಾಳಾಗುವ ಕಾಯಿಲೆ) ಇರುವವರಿಗೆಂದು ನಾಲ್ಕು ಪುಟದ ಮಾಹಿತಿಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ನಾನ್-ಇನ್ವೇಸಿವ್ ಇಮೇಜಿಂಗ್’, ಅಂದರೆ ಮೈಗೆ ಸೂಜಿ ಕತ್ತರಿ ತಾಗಿಸದೆ ಒಳಗಿನ ಚಿತ್ರ ತೆಗೆಯುವುದು, ಎಂಬಲ್ಲಿ ಕೈ ನಿಂತುಬಿಟ್ಟಿದೆ. ಪತ್ರಿಕೆಗಳಲ್ಲಿ ಕಾಣುವ ‘ಅನಾಕ್ರಮಣಕಾರಿ’ಯನ್ನೇ ಹಾಕಿ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರಿಗೂ ಇದೇ ಕಾಯಿಲೆ. ಕತ್ತಲಾದರೆ ಗೋಡೆ ಹಿಡಿದೇ ನಡೆಯಬೇಕು. “ಅಂದ್ರೆ ಆ ಮಷಿನ್ನು ಮೈಮೇಲೆ ಬೀಳಲ್ಲ ಅಂತಲೇನೋ?” ಎಂದರು.

ಹೇಳಬೇಕಾದ ಸಂಗತಿ ಇದು: ಯಂತ್ರಕ್ಕೆ ಗದ್ದ ಒರಗಿಸಿ ಕೂತರೆ, ಪಾಪೆಯಿಂದ ಒಳಹೋದ ಬೆಳಕು ರೆಟಿನಾಕ್ಕೆ ತಾಗಿ ಮರಳುತ್ತದೆ. ಕಣ್ಣಿನ ಅಂಕುಡೊಂಕಿಗೆ ಕದಡಿದ ಆ ಬೆಳಕನ್ನು ಪುಟ್ಟ ಕನ್ನಡಿಯೊಂದು ಕ್ಷಣಕ್ಷಣಕ್ಕೂ ಮೈ ಬಾಗಿಸಿ ತಿದ್ದುತ್ತದೆ. ನಕ್ಷತ್ರ ನೋಡುವವರಿಗೆಂದು 1953ರಲ್ಲಿ ಖಗೋಳವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ ಸೂಚಿಸಿದ್ದ ಉಪಾಯ. 1997ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ವಿಲಿಯಮ್ಸ್ ಮತ್ತು ಜೊತೆಗಾರರು ಇದನ್ನೇ ಕಣ್ಣಿಗೆ ತಿರುಗಿಸಿ, ಬದುಕಿರುವವರ ರೆಟಿನಾದ ಶಂಕುಕೋಶಗಳನ್ನು (ಹಗಲುನೋಟಕ್ಕೂ ಬಣ್ಣಕ್ಕೂ ಬೇಕಾದ ‘ಕೋನ್’ಗಳನ್ನು) ಬಿಡಿಬಿಡಿಯಾಗಿ ತೋರಿಸಿದರು. ಅದಕ್ಕೂ ಹಿಂದೆ ಅವನ್ನು ಎಣಿಸಬೇಕೆಂದರೆ ಹೆಚ್ಚಾಗಿ ಸತ್ತವರ ಕಣ್ಣು ಕೊಯ್ದು ಸೂಕ್ಷ್ಮದರ್ಶಕದಡಿ ಇಡಬೇಕಿತ್ತು. ‘ನಾನ್-ಇನ್ವೇಸಿವ್’ಗೆ ಇಲ್ಲಿ ಅಷ್ಟು ತೂಕವಿದೆ.

‘ಒಳಹೊಗದ’ ಎನ್ನೋಣವೇ? ಬೆಳಕು ಒಳಹೊಗುತ್ತದಲ್ಲ! ‘ಮುಟ್ಟದ’ ಎಂದರೆ, ಬಿಪಿ ನೋಡುವ ಪಟ್ಟಿ ತೋಳನ್ನು ಬಿಗಿಯಾಗಿಯೇ ಮುಟ್ಟುತ್ತದೆ, ಆದರೂ ಅದು ನಾನ್-ಇನ್ವೇಸಿವ್. ‘ನೋವಿಲ್ಲದ’ ಎಂದು ಬರೆಯಲು ಧೈರ್ಯವಿಲ್ಲ. ಪಾಪೆ ಅರಳಿಸುವ ಹನಿ ಬಿಟ್ಟಾಗ ಉರಿಯುತ್ತದೆ, ಮನೆಗೆ ಬರುವಾಗ ಬಸ್ಸಿನ ಬೋರ್ಡೂ ಮಸುಕು. ನನ್ನ ಒಲವು ‘ಚುಚ್ಚದೆ ಕೊಯ್ಯದೆ ತೆಗೆಯುವ ಚಿತ್ರ’ದ ಕಡೆಗೆ. ಕೈನರಕ್ಕೆ ಬಣ್ಣ ಚುಚ್ಚಿ ಮಾಡುವ ಕಣ್ಣಿನ ಆಂಜಿಯೋಗ್ರಾಂ ಬೇರೆ, ಇದು ಬೇರೆ ಎಂಬುದು ತಾನೇ ತಿಳಿಯುತ್ತದೆ. ತಲೆಬರಹಕ್ಕೆ ಮಾತ್ರ ಉದ್ದವಾಯಿತು.

ಇನ್ನೊಂದು ತೊಡಕು. ಮಬ್ಬುಬೆಳಕಿನಲ್ಲಿ ಕಾಣಲು ಬೇಕಾದ ರೆಟಿನಾದ ‘ರಾಡ್’ ಕೋಶಕ್ಕೆ ‘ದಂಡಕೋಶ’ ಎಂದಿದ್ದೇನೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಅವೇ, ಇರುಳುಗಣ್ಣು ಬರುವುದೂ ಅದಕ್ಕೇ. ಆದರೆ ಇದ್ದೂ ಪ್ರಯೋಜನವಿಲ್ಲದ್ದನ್ನು ‘ದಂಡ’ ಎನ್ನುವ ನಾಡು ನಮ್ಮದು. ಓದುವವರು ಕೆಲಸಕ್ಕೆ ಬಾರದ ಕೋಶ ಎಂದುಕೊಂಡಾರು. ‘ಸರಳುಕೋಶ’ ಎಂದರೆ ‘ಸರಳ’ ಎಂದು ಓದಿಕೊಳ್ಳುವ ಭಯ.

ನಿಮ್ಮೂರಿನ ಕಣ್ಣಾಸ್ಪತ್ರೆಯಲ್ಲಿ ನರ್ಸುಗಳು, ಟೆಕ್ನಿಷಿಯನ್ನುಗಳು ಇಂಥ ಪರೀಕ್ಷೆಗೆ ಕೂರಿಸುವಾಗ ಕನ್ನಡದಲ್ಲಿ ಏನೆನ್ನುತ್ತಾರೆ? ಅವರ ಬಾಯಲ್ಲಿ ಬಂದ ಹಾಗೆಯೇ ಬರೆದು ತಿಳಿಸಿ.