ಗೇಮ್ ಹಚ್ಚಿದರೆ ಟಿವಿಯಲ್ಲಿ ಚಿತ್ರವೇ ಬರುತ್ತಿಲ್ಲ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ ರೀ. ನಮ್ಮ ಹುಬ್ಬಳ್ಳಿ-ಧಾರವಾಡ ಗುಂಪಿಗೆ ಈ ವಾರ ಜಾಸ್ತಿ ಬಂದ ದೂರು ಒಂದೇ. ಮಷಿನ್ ಲೈಟ್ ಹತ್ತುತ್ತದೆ, ಟಿವಿಯಲ್ಲಿ ಚಿತ್ರ ಇಲ್ಲ. ಕೊಪ್ಪಿಕರ ರಸ್ತೆ ಹತ್ತಿರ 15 ವರ್ಷದಿಂದ ಗೇಮ್ ಮಷಿನ್, ಟಿವಿ ಬೋರ್ಡ್ ರಿಪೇರಿ ಮಾಡುವ ಅಣ್ಣಾವ್ರು ಇವತ್ತು 11 ಗಂಟೆಯಿಂದ ಉತ್ತರ ಕೊಡುತ್ತಾರೆ. ಯಾವ ಮಷಿನ್, ಲೈಟ್ ಯಾವ ಬಣ್ಣ, ಏನಾದ ಮೇಲೆ ಕೆಟ್ಟಿತು, ಇಷ್ಟು ಬರೆದು ಕೇಳಿ.

ಉಣಕಲ್: ಸರ್, ಪಿಎಸ್4 (ಪ್ಲೇಸ್ಟೇಷನ್ 4) ಸ್ಲಿಮ್. ಬಿಳಿ ಲೈಟ್ ಬಂದು ನಿಲ್ಲುತ್ತದೆ. ಟಿವಿಯಲ್ಲಿ 'ನೋ ಸಿಗ್ನಲ್'. ಮೊನ್ನೆ ತಮ್ಮನ ಮಗ ಕೇಬಲ್ಲಿಗೆ ಕಾಲು ತೊಡಕಿ ಬಿದ್ದ. ಅವತ್ತಿನಿಂದ ಹೀಗೆ.

ರಿಪೇರಿಯವರು: ಮಗುವಿಗೆ ಏನೂ ಆಗಿಲ್ಲ ಅಲ್ವಾ? ಬಿಳಿ ಲೈಟ್ ನಿಂತಿದೆ ಎಂದರೆ ಮಷಿನ್‌ಗೆ ಜೀವ ಇದೆ, ಚಿತ್ರ ಹೊರಗೆ ಬರುವ ದಾರಿ ಮಾತ್ರ ಕಟ್ಟಿದೆ. ಪ್ಲಗ್ ಕಿತ್ತಿಟ್ಟು, ಮೊಬೈಲ್ ಟಾರ್ಚ್ ಹಿಡಿದು, ಮಷಿನ್ ಹಿಂದೆ ಟಿವಿ ಕೇಬಲ್ ಚುಚ್ಚುವ ಎಚ್‌ಡಿಎಂಐ ಕಿಂಡಿಯೊಳಗೆ ನೋಡಿ. ನಡುವೆ ಒಂದು ತೆಳ್ಳನೆಯ ನಾಲಿಗೆ ಇರುತ್ತದೆ. ಅದರ ಮೇಲೆ, ಕೆಳಗೆ ಸೇರಿ 19 ಪಿನ್ನು, ಬಂಗಾರದ ಬಣ್ಣದವು. ಬಾಚಣಿಗೆ ಹಲ್ಲಿನ ಹಾಗೆ ಸಮನಾಗಿ ನಿಂತಿರಬೇಕು. ಒಂದು ಪಕ್ಕದ್ದರ ಮೇಲೆ ಒರಗಿದ್ದರೂ ಸಾಕು, ಚಿತ್ರ ಬರುವುದಿಲ್ಲ. ಆಗ ಆ ಕಿಂಡಿಯನ್ನೇ, ಅಂದರೆ ಪೋರ್ಟ್, ಬದಲಿಸಬೇಕು. ಸೂಜಿ ಹಾಕಿ ಎತ್ತಲು ಹೋಗಬೇಡಿ. ಒಂದು ಪಿನ್ ಸರಿ ಮಾಡಲು ಹೋಗಿ ನಾಲ್ಕು ಮುರಿದುಕೊಂಡು ತರುತ್ತಾರೆ. ಬೋರ್ಡಿನಲ್ಲಿ ಬೆಸುಗೆ ಹಾಕುವ ಕಡೆ ಪಿನ್ನಿನಿಂದ ಪಿನ್ನಿಗೆ ಅರ್ಧ ಮಿಲಿಮೀಟರ್ ಅಂತರ. ಅಲ್ಲಿ ಮೈಕ್ರೋಸ್ಕೋಪ್ ಇಲ್ಲದೆ ನಾನೂ ಕೈ ಹಾಕುವುದಿಲ್ಲ.

ಉಣಕಲ್: ನೋಡಿದೆ ಸರ್. ಮೇಲಿನ ಸಾಲಿನಲ್ಲಿ ಎಡಗಡೆ ಎರಡು ಕೂಡಿಕೊಂಡಿವೆ.

ರಿಪೇರಿಯವರು: ಹಾಗಾದರೆ ಅದೇ. ತಂದುಕೊಡಿ.

ನವನಗರ: ಅಣ್ಣಾ, ಪಿಎಸ್4 ಹಳೆಯ ದಪ್ಪ ಮಾಡೆಲ್. ಹೊಸ ಟಿವಿಯಲ್ಲಿ ಚೆನ್ನಾಗಿ ಬರುತ್ತಿತ್ತು. ಅದನ್ನು ಹಾಲ್‌ನಲ್ಲಿ ಬಿಟ್ಟು ಮಷಿನ್ ಮಾತ್ರ ಮೇಲಿನ ರೂಮಿನ ಹಳೆಯ ಟಿವಿಗೆ ಹಚ್ಚಿದೆ. ಪೂರ್ತಿ ಕಪ್ಪು.

ರಿಪೇರಿಯವರು: ಹೊಸ ಟಿವಿಯ ರೆಸಲ್ಯೂಶನ್ ಹಳೆಯದಕ್ಕೆ ಆಗುತ್ತಿಲ್ಲ ಅನಿಸುತ್ತದೆ. ಮಷಿನ್ ಪೂರ್ತಿ ಆಫ್ ಮಾಡಿ. ಪವರ್ ಬಟನ್ ಒತ್ತಿ ಹಿಡಿಯಿರಿ. ಒಂದು ಬೀಪ್ ಬರುತ್ತದೆ, ಬಿಡಬೇಡಿ. ಸುಮಾರು 7 ಸೆಕೆಂಡ್ ಆದ ಮೇಲೆ ಎರಡನೆಯದು ಬರುತ್ತದೆ, ಆಗ ಬಿಡಿ. ಕಂಟ್ರೋಲರನ್ನು ಯುಎಸ್‌ಬಿ ವೈರಿನಲ್ಲೇ ಸೇರಿಸಬೇಕು. ಸೇಫ್ ಮೋಡ್ ಅನ್ನುವ ರಿಪೇರಿ ಮೆನು ಬರುತ್ತದೆ. ಅಲ್ಲಿ ಎರಡನೆಯ ಸಾಲಿನಲ್ಲಿ ರೆಸಲ್ಯೂಶನ್ ಬದಲಿಸುವುದಿದೆ. ಕೊನೆಯ ಸಾಲುಗಳನ್ನು ಮುಟ್ಟಬೇಡಿ, ಆಡಿದ್ದೆಲ್ಲ ಅಳಿಸಿಹೋಗುತ್ತದೆ.

ನವನಗರ: ಬಂತು ಅಣ್ಣಾ! ತುಂಬಾ ಥ್ಯಾಂಕ್ಸ್.

ವಿದ್ಯಾನಗರ: ಪಿಎಸ್5. ಚಿತ್ರ ಬರುತ್ತದೆ, ಎರಡು ನಿಮಿಷಕ್ಕೊಮ್ಮೆ ಕಪ್ಪಾಗಿ ಮತ್ತೆ ಬರುತ್ತದೆ. 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ) ಇಟ್ಟಾಗ ಮಾತ್ರ. ಈಗ ಮೂರು ಮೀಟರಿನ ಬೇರೆ ಕೇಬಲ್ ಹಾಕಿದ್ದೇನೆ.

ರಿಪೇರಿಯವರು: ಮಷಿನ್ ಜೊತೆ ಬಂದ ಕೇಬಲ್ ಹಾಕಿ ನೋಡಿ. 4ಕೆ, 120 ಹರ್ಟ್ಸ್‌ಗೆ 'ಅಲ್ಟ್ರಾ ಹೈ ಸ್ಪೀಡ್' ಕೇಬಲ್ಲೇ ಬೇಕು.

ಕೇಶ್ವಾಪುರ: ಕೇಬಲ್‌ನಲ್ಲಿ ಏನಿದೆ ರೀ? ದುರ್ಗದಬೈಲಿನಲ್ಲಿ 150 ರೂಪಾಯಿಗೆ ಸಿಗುತ್ತದೆ. ನಾನು ಐದು ವರ್ಷದಿಂದ ಅದರಲ್ಲೇ ಆಡುತ್ತಿದ್ದೇನೆ.

ವಿದ್ಯಾನಗರ: ನಿಮ್ಮದು ಯಾವ ಮಷಿನ್?

ಕೇಶ್ವಾಪುರ: ಪಿಎಸ್3.

ವಿದ್ಯಾನಗರ: ಮತ್ತೆ! ಅದು 4ಕೆ ಗೇಮ್ ಕೊಡುವುದೇ ಇಲ್ಲ. ಗೊತ್ತಿಲ್ಲದೆ ಯಾಕೆ ಮಾತಾಡುತ್ತೀರಿ?

ಕೇಶ್ವಾಪುರ: ದುಬಾರಿ ಮಷಿನ್ ತಗೊಂಡವರಿಗೆಲ್ಲ ಬುದ್ಧಿ ಜಾಸ್ತಿ ಇರುತ್ತದೆ ಅಂತೇನಿಲ್ಲ.

ರಿಪೇರಿಯವರು: ಇಬ್ಬರದ್ದೂ ನಿಮ್ಮ ನಿಮ್ಮ ಮಷಿನ್‌ಗೆ ಸರಿ. ಪಿಎಸ್3ಗೆ ಆ ಕೇಬಲ್ ಸಾಕು, ಪಿಎಸ್5ನ 120 ಹರ್ಟ್ಸ್‌ಗೆ ಸಾಲದು. ಮುಂದಿನವರು ಕೇಳಿ.

ಗದಗ, ಬೆಟಗೇರಿ: ನಮಸ್ಕಾರ ರೀ. ಮನೆಯಲ್ಲಿ ಪಿಎಸ್2 ಇಟ್ಟುಕೊಂಡಿದ್ದೇವೆ. ಹೊಸ ಟಿವಿಯಲ್ಲಿ ಚಿತ್ರದ ಹಳದಿ ವೈರ್ ಹಾಕುವ ತೂತೇ ಇಲ್ಲ. ಹಸಿರಿಗೆ ಹಾಕಿದರೆ ಚಿತ್ರ ಕಪ್ಪು-ಬಿಳುಪು ಬರುತ್ತದೆ.

ರಿಪೇರಿಯವರು: ಜಾಗ ಸರಿಯಾಗಿದೆ. ಟಿವಿಯ ಸೋರ್ಸ್‌ನಲ್ಲಿ 'ಕಾಂಪೊನೆಂಟ್' ಬಿಟ್ಟು 'ಎವಿ' ಆರಿಸಿ, ಬಣ್ಣ ಬರುತ್ತದೆ. 2000ದಲ್ಲಿ ಬಂದ ಮಷಿನ್ ಇನ್ನೂ ಓಡಿಸುತ್ತಿದ್ದೀರಿ, ಸಂತೋಷ ಆಯಿತು. ಡಿಸ್ಕ್ ಓದುವ ಲೆನ್ಸ್ ಮೇಲೆ ಧೂಳು ಕೂರದ ಹಾಗೆ ಬಟ್ಟೆ ಹೊದಿಸಿಡಿ, ಆಡುವಾಗ ತೆಗೆಯಿರಿ.

ಹಾವೇರಿ: ನಿಂಟೆಂಡೊ ಸ್ವಿಚ್. ಕೈಯಲ್ಲಿ ಆಡಿದರೆ ಸರಿ, ಟಿವಿಗೆ ಸೇರಿಸುವ ಸ್ಟ್ಯಾಂಡ್, ಅಂದರೆ ಡಾಕ್‌ನಲ್ಲಿ ಇಟ್ಟರೆ ಟಿವಿಗೆ ಬರುವುದಿಲ್ಲ. ಅದರ ಚಾರ್ಜರ್ ಕಳೆದಿದೆ, ಮೊಬೈಲಿನದು ಹಾಕಿದ್ದೇನೆ.

ರಿಪೇರಿಯವರು: ಅದೇ ಕಾರಣ. ಡಾಕ್‌ಗೆ 15 ವೋಲ್ಟ್, 2.6 ಆಂಪ್ ಬೇಕು. ಸ್ವಿಚ್‌ನ ಚಾರ್ಜರ್ ತರಿಸಿ.

ಗೋಕುಲ ರಸ್ತೆ: ಪಿಎಸ್4, ಬಿಳಿ ಲೈಟ್, ಚಿತ್ರ ಇಲ್ಲ. ಏನು ಮಾಡಲಿ?

ರಿಪೇರಿಯವರು: ಉಣಕಲ್‌ನವರಿಗೆ ಬರೆದದ್ದು ಓದಿ.

ರಾಣೆಬೆನ್ನೂರು: ನಮ್ಮೂರಿನಲ್ಲಿ ಇದನ್ನು ರಿಪೇರಿ ಮಾಡುವವರು ಯಾರಾದರೂ ಇದ್ದಾರಾ?

ಹೊಸೂರು: ಸ್ನೇಹಿತರೇ, ಒಂದು ಗುಂಪಿನಿಂದ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: 'ಚಿತ್ರ ಬಾರದ ಮಷಿನ್ನನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ 20 ನಿಮಿಷ ಆನ್ ಇಡಿ. ಅಥವಾ ಬೋರ್ಡ್ ಬಿಚ್ಚಿ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ. ಬೆಸುಗೆ ಕರಗಿ ತಾನೇ ಕೂಡಿಕೊಳ್ಳುತ್ತದೆ. ನೂರಕ್ಕೆ ನೂರು ಖಾತ್ರಿ.'

ರಿಪೇರಿಯವರು: ದಯವಿಟ್ಟು ಇದನ್ನು ಅಳಿಸಿ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ಕೆಡುತ್ತಿದ್ದ ಕಾಲದ ಸಲಹೆ, ಇನ್ನೂ ಓಡಾಡುತ್ತಿದೆ. ಸೀಸ ಇಲ್ಲದ ಬೆಸುಗೆ ಕರಗಲು 217 ಡಿಗ್ರಿ ಬೇಕು. ಹೇರ್ ಡ್ರೈಯರ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಟವೆಲ್ ಸುತ್ತಿದರೆ ಗಾಳಿ ನಿಂತು ಒಳಗಿನದೆಲ್ಲ ಕುದಿಯುತ್ತದೆ, ಬಟ್ಟೆಗೆ ಬೆಂಕಿಯೂ ಹತ್ತಬಹುದು.

ಹೊಸೂರು: ವಿಡಿಯೋದಲ್ಲಿ ಚಿತ್ರ ಬಂದದ್ದು ನಾನೇ ನೋಡಿದ್ದೇನೆ ಸರ್.

ರಿಪೇರಿಯವರು: ಬಿಸಿಗೆ ಬಿರುಕು ಒಂದು ಗಳಿಗೆ ಕೂಡಿರುತ್ತದೆ. ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಅಷ್ಟರಲ್ಲಿ ವಿಡಿಯೋ ಮುಗಿದಿರುತ್ತದೆ. ಹೀಗೆ ಬಿಸಿ ಮಾಡಿದ ಬೋರ್ಡುಗಳು ನನ್ನ ಬೆಂಚಿಗೆ ಬರುತ್ತವೆ. ಪೋರ್ಟ್ ಬದಲಿಸಿದ್ದರೆ ಉಳಿಯುತ್ತಿದ್ದ ಮಷಿನ್ನನ್ನು ಒಳಗಿನ ಪ್ಲಾಸ್ಟಿಕ್ ಕರಗಿ, ಕೆಪಾಸಿಟರ್ ಉಬ್ಬಿ ವಾಪಸ್ ಕೊಡಬೇಕಾಗುತ್ತದೆ.

ಮಾಳಮಡ್ಡಿ: ನಮಸ್ಕಾರ ಅಣ್ಣಾ. ನಮ್ಮದು ಹಳೆಯ ಮನೆ. ಮಗನ ಪಿಎಸ್4ಗೆ ವರ್ಷದಲ್ಲಿ ಎರಡು ಸಲ ಎಚ್‌ಡಿಎಂಐ ಐಸಿ (ಟಿವಿಗೆ ಚಿತ್ರ ಕಳಿಸುವ ಚಿಪ್) ಹಾಕಿಸಿದ್ದೇವೆ. ಈಗ ಮತ್ತೆ ಚಿತ್ರ ಇಲ್ಲ. ಕೇಬಲ್ ಚುಚ್ಚುವಾಗ ಸಣ್ಣ ಕಿಡಿ ಬರುತ್ತದೆ ಅಂತ ಹೇಳುತ್ತಾನೆ. ಬರಿಗಾಲಲ್ಲಿ ನಿಂತು ಟಿವಿ ಹಿಂದೆ ಮುಟ್ಟಿದರೆ ಜುಮ್ ಅನ್ನುತ್ತದೆ. ಕಳಪೆ ಐಸಿ ಹಾಕಿದ್ದಾರಾ?

ರಿಪೇರಿಯವರು: ಅಕ್ಕಾ, ಐಸಿ ಆಮೇಲೆ ನೋಡೋಣ. ಮೊದಲು ಇಷ್ಟು ಹೇಳಿ. ಟಿವಿಯ ಪಾಯಿಂಟ್ ಮೂರು ಪಿನ್ನಿನದಾ? ಫ್ರಿಡ್ಜ್, ವಾಷಿಂಗ್ ಮಷಿನ್ ಮುಟ್ಟಿದಾಗಲೂ ಹೀಗಾಗಿತ್ತಾ? ಗೋಡೆಯ ಆ ಸ್ವಿಚ್ ಬೋರ್ಡನ್ನು ಈಚೆಗೆ ಯಾರಾದರೂ ಬಿಚ್ಚಿದ್ದರಾ? ಈಗ ಮುಟ್ಟಿ ನೋಡಬೇಡಿ, ನೆನಪಿದ್ದಷ್ಟು ಬರೆಯಿರಿ. ಮಗ ಟಿವಿ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ.

ರಾಜನಗರ: ಅಕ್ಕಾ, ತಪ್ಪು ತಿಳಿಯಬೇಡಿ. ಮಗ ಎಷ್ಟನೇ ತರಗತಿ?

ಮಾಳಮಡ್ಡಿ: 10ನೇ ತರಗತಿ.

ರಾಜನಗರ: 10ನೇ ತರಗತಿ ಹುಡುಗನಿಗೆ ಗೇಮ್ ಯಾಕೆ ರೀ? ಬೇರೆ ಜಿಲ್ಲೆಯಿಂದ ಮಕ್ಕಳು ಓದಲು ಅಂತ ಧಾರವಾಡಕ್ಕೆ ಬಂದು ರೂಮ್ ಮಾಡಿಕೊಂಡಿರುತ್ತಾರೆ. ಕೆಟ್ಟದ್ದು ಒಳ್ಳೆಯದೇ ಆಯಿತು ಅಂದುಕೊಳ್ಳಿ.

ಸಪ್ತಾಪುರ: ನಾನೂ ಹಾಗೆ ರೂಮ್ ಮಾಡಿಕೊಂಡು ಓದಿದವನೇ. ದಿನಕ್ಕೆ ಒಂದು ತಾಸು ಆಡುತ್ತಿದ್ದೆ, ಪಾಸೂ ಆಗಿದ್ದೇನೆ. ಬೇರೆಯವರ ಮನೆ ಮಗನ ಬಗ್ಗೆ ನಿಮಗೆ ಯಾಕೆ?

ರಾಜನಗರ: ಪಾಸ್ ಆಗುವುದು ಬೇರೆ, ಅಂಕ ತೆಗೆಯುವುದು ಬೇರೆ. ನನಗೂ ಇಬ್ಬರು ಮಕ್ಕಳಿದ್ದಾರೆ, ಕಾಳಜಿಯಿಂದಲೇ ಹೇಳಿದೆ.

ಕೇಶ್ವಾಪುರ: ಹಾಗಾದರೆ ಗೇಮಿಂಗ್ ಗುಂಪಿಗೆ ಯಾಕೆ ಸೇರಿದ್ದೀರಿ?

ರಾಜನಗರ: ಬಾಯಿ ಹಿಡಿತದಲ್ಲಿ ಇರಲಿ.

ಗೋಕುಲ ರಸ್ತೆ: ಸರ್, ಉಣಕಲ್‌ನವರದ್ದು ಓದಿದೆ. ನನ್ನ ಪಿನ್ ಎಲ್ಲ ಸರಿ ಇವೆ. ಬೇರೆ ಟಿವಿ, ಬೇರೆ ಕೇಬಲ್ ನೋಡಿದೆ. ಸೇಫ್ ಮೋಡೂ ಕಾಣುವುದಿಲ್ಲ.

ರಿಪೇರಿಯವರು: ಹಾಗಾದರೆ ಬಹುಶಃ ಐಸಿ. ತನ್ನಿ.

ವಿದ್ಯಾನಗರ: ಅದಕ್ಕೆ ಎಷ್ಟು ತಗೊಳ್ಳುತ್ತೀರಿ? ಇಲ್ಲೇ ಹೇಳಿ, ಎಲ್ಲರಿಗೂ ಗೊತ್ತಾಗಲಿ.

ಮಾಳಮಡ್ಡಿ: ಅಣ್ಣಾ, ನಾನು ಕೇಳಿದ್ದು ಕರೆಂಟ್ ವಿಷಯ, ಇವರು ಮಗನ ಓದಿನ ಬಗ್ಗೆ ಜಗಳ ಆಡುತ್ತಿದ್ದಾರೆ. ಇರಲಿ. ಪಾಯಿಂಟ್ ಮೂರು ಪಿನ್ನಿನದೇ. ಬೇಸಿಗೆಯಲ್ಲಿ ವಾಷಿಂಗ್ ಮಷಿನ್ನಿನಲ್ಲೂ ಜುಮ್ ಅನ್ನುತ್ತಿತ್ತು. ಪರಿಚಯದವರೊಬ್ಬರು ಬಂದು ಎರಡೂ ಬೋರ್ಡ್ ಬಿಚ್ಚಿ, ಒಳಗೆ ಸಣ್ಣ ವೈರಿನ ತುಂಡು ಸೇರಿಸಿ ಹೋದರು. ಆಮೇಲೆ ನಿಂತಿತ್ತು. ಮಳೆ ಶುರುವಾದ ಮೇಲೆ ಮತ್ತೆ ಬಂದಿದೆ, ಮೊದಲಿಗಿಂತ ಜೋರು. ಟ್ಯೂಬ್‌ಲೈಟೂ ಒಮ್ಮೊಮ್ಮೆ ಮಿಣುಕುತ್ತದೆ.

ರಿಪೇರಿಯವರು: ಅಕ್ಕಾ, ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮೊದಲು ಒಂದು ಕೆಲಸ ಮಾಡಿ. ಚಪ್ಪಲಿ ಹಾಕಿಕೊಂಡು, ಒಣ ಕೈಯಲ್ಲಿ ಮನೆಯ ಮೇನ್ ಆಫ್ ಮಾಡಿ. ಆಮೇಲೆ ಪ್ಲಾಸ್ಟಿಕ್ ಭಾಗ ಹಿಡಿದು ಟಿವಿ, ಪಿಎಸ್4, ಸೆಟ್‌ಟಾಪ್ ಬಾಕ್ಸ್, ವಾಷಿಂಗ್ ಮಷಿನ್ ಪ್ಲಗ್ ಕಿತ್ತಿಡಿ. ಮಾಡಿ ಬಂದು ಹೇಳಿ.

ಮಾಳಮಡ್ಡಿ: ಮಾಡಿದೆ.

ರಿಪೇರಿಯವರು: ಈಗ ಕೇಳಿ. ಬೇರೆಯವರೂ ಓದಿ, ನಮ್ಮಲ್ಲಿ ಹಳೆಯ ಮನೆ ಬಹಳ ಇವೆ.

ಟಿವಿಯೊಳಗಿನ ಪವರ್ ಬೋರ್ಡಿನಿಂದ ಒಂಚೂರು ಕರೆಂಟ್ ಅದರ ಲೋಹಕ್ಕೆ ಸೋರುವುದು ಸಹಜ. ಅರ್ತಿಂಗ್ ಇದ್ದರೆ ಅದು ಸದ್ದಿಲ್ಲದೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಲೋಹದಲ್ಲೇ ನಿಂತು, ನೀವು ಮುಟ್ಟಿದಾಗ ನಿಮ್ಮ ಮೈಯಿಂದ ಇಳಿಯುತ್ತದೆ. ಬೇಸಿಗೆಯ ಜುಮ್ ಇದೇ ಇರಬೇಕು. ನಿಮ್ಮ ಪಿಎಸ್4ನ ವೈರಿಗೆ ಎರಡೇ ಪಿನ್, ಅದಕ್ಕೆ ಅರ್ತ್ ದಾರಿಯೇ ಇಲ್ಲ. ಎರಡೂ ಆನ್ ಇರುವಾಗ ಎಚ್‌ಡಿಎಂಐ ಚುಚ್ಚಿದರೆ ಎರಡರ ನಡುವಿನ ವ್ಯತ್ಯಾಸ ಆ ಕ್ಷಣದಲ್ಲಿ ಕೇಬಲ್ ಒಳಗೇ ಹಾರುತ್ತದೆ. ಮಗ ನೋಡಿದ ಕಿಡಿ ಅದು. ಐಸಿ ತಡೆಯುವುದು ಕೆಲವೇ ವೋಲ್ಟ್. ಹೀಗಿರುವಾಗ ಐಸಿ ಹಾಕಿದವರನ್ನು ಬೈದು ಪ್ರಯೋಜನ ಇಲ್ಲ.

ನನಗೆ ಹೆದರಿಕೆ ಆಗಿರುವುದು ಆ ತುಂಡು ವೈರಿನದ್ದು. ಅವರು ಸಾಕೆಟ್ ಒಳಗೆ ನ್ಯೂಟ್ರಲನ್ನೂ (ಕರೆಂಟ್ ವಾಪಸ್ ಹೋಗುವ ವೈರ್) ಅರ್ತ್ ಪಿನ್ನನ್ನೂ ಕೂಡಿಸಿದ್ದಾರೆ ಅನಿಸುತ್ತದೆ. ಜುಮ್ ನಿಲ್ಲುತ್ತದೆ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ನ್ಯೂಟ್ರಲ್ ಎಲ್ಲಾದರೂ ಬಿಟ್ಟರೆ ವಾಪಸ್ ಹೋಗಬೇಕಾದ ಕರೆಂಟ್ ಆ ತುಂಡಿನ ಮೂಲಕ ಟಿವಿಯ ಲೋಹಕ್ಕೆ, ವಾಷಿಂಗ್ ಮಷಿನ್ ಮೈಗೆ ಬಂದು ನಿಲ್ಲುತ್ತದೆ. ಪೂರ್ತಿ 230 ವೋಲ್ಟ್. ಅದು ಜುಮ್ ಅನ್ನುವುದಿಲ್ಲ, ಹಿಡಿದು ಬಿಡುವುದೇ ಇಲ್ಲ. ಟ್ಯೂಬ್‌ಲೈಟ್ ಮಿಣುಕುವುದು, ಮಳೆ ಬಂದ ಮೇಲೆ ಜೋರಾಗಿರುವುದು ನೋಡಿದರೆ ನಿಮ್ಮ ನ್ಯೂಟ್ರಲ್ ಈಗಾಗಲೇ ಸಡಿಲ ಆಗಿದೆ ಅಂತ ನನ್ನ ಅಂದಾಜು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರನ್ನು ಇವತ್ತೇ ಕರೆಸಿ. ಆ ತುಂಡು ತೆಗೆಯಲಿ, ನ್ಯೂಟ್ರಲ್ ಜಾಯಿಂಟ್ ಎಲ್ಲ ಬಿಗಿ ಮಾಡಲಿ, ಅರ್ತ್ ವೈರ್ ಎಲ್ಲಿ ಕತ್ತರಿಸಿದೆ ಹುಡುಕಲಿ. ಕರೆಂಟ್ ಸೋರಿದರೆ ತಾನೇ ಆಫ್ ಮಾಡುವ ಸ್ವಿಚ್, 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಸಡಿಲ ಇರುವುದು ಮೀಟರಿನಿಂದ ಹೊರಗೆ ಆದರೆ ಲೈನ್‌ಮನ್ ಬರಬೇಕು, ಮನೆಯವರು ಯಾರೂ ಕೈ ಹಾಕಬಾರದು.

ಹೊಸೂರು: ಸರ್, ಇಷ್ಟೆಲ್ಲ ಯಾಕೆ? ಟಿವಿ ಕೆಳಗೆ ರಬ್ಬರ್ ಮ್ಯಾಟ್ ಹಾಕಿದರೆ ಶಾಕ್ ಹೊಡೆಯುವುದಿಲ್ಲ ಅಂತ ಇನ್ನೊಂದು ಮೆಸೇಜ್ ಬಂದಿದೆ, ಹಾಕಲಾ?

ರಿಪೇರಿಯವರು: ಹಾಕಬೇಡಿ. ಒಂದು ಮನೆಯಲ್ಲಿ ಮಗು ಇದೆ, ಕರೆಂಟ್ ಮೈಗೆ ಬರುತ್ತಿದೆ. ನಿಮಗೆ ಫಾರ್ವರ್ಡ್ ಮಾಡುವ ಮುಂಚೆ ಒಂದು ನಿಮಿಷ ಯೋಚಿಸಲು ಆಗುವುದಿಲ್ಲವಾ?

ಹೊಸೂರು: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಸಿಟ್ಟು ಯಾಕೆ? ಗ್ರಾಹಕರ ಜೊತೆಯೂ ಹೀಗೇ ಮಾತಾಡುತ್ತೀರಾ?

ರಿಪೇರಿಯವರು: ಇಂಥದ್ದಕ್ಕೆ ಹೀಗೇ ಮಾತಾಡುತ್ತೇನೆ.

ಅಡ್ಮಿನ್: ಹೊಸೂರಿನವರೇ, ಎರಡೂ ಮೆಸೇಜ್ ಅಳಿಸಿದ್ದೇನೆ. ರಾಜನಗರ, ಕೇಶ್ವಾಪುರ, ನಿಮ್ಮ ಮಾತು ನೀವಿಬ್ಬರೇ ಬೇರೆ ಕಡೆ ಆಡಿಕೊಳ್ಳಿ.

ಅಮರಗೋಳ: ಸರ್, ಪಿಎಸ್4, ಬಿಳಿ ಲೈಟ್ ಇದೆ, ಚಿತ್ರ ಇಲ್ಲ.

ರಿಪೇರಿಯವರು: ಮೇಲೆ ಓದಿ.

ಅಮರಗೋಳ: ಮೇಲೆ ಬಹಳ ಇದೆ ಸರ್, ಸ್ವಲ್ಪದರಲ್ಲಿ ಹೇಳಿ.

ವಿದ್ಯಾನಗರ: ನನ್ನ ರೇಟ್ ಪ್ರಶ್ನೆಗೆ ಉತ್ತರ ಬರಲೇ ಇಲ್ಲ.

ಮಾಳಮಡ್ಡಿ: ಅಣ್ಣಾ, ಎಲೆಕ್ಟ್ರಿಷಿಯನ್ ಬಂದು ನೋಡಿದರು. ನೀವು ಹೇಳಿದ ಹಾಗೇ ಇತ್ತು. ಟಿವಿಯ ಸ್ವಿಚ್ ಬೋರ್ಡಿನೊಳಗೆ ಬೆರಳುದ್ದದ ಕೆಂಪು ವೈರ್, ಒಂದು ತುದಿ ಸುಟ್ಟು ಕಪ್ಪಾಗಿದೆ. ಮೀಟರ್ ಪಕ್ಕದ ನ್ಯೂಟ್ರಲ್ ಸ್ಕ್ರೂ ಕೈಯಲ್ಲೇ ತಿರುಗಿತಂತೆ. ಹಿತ್ತಲಲ್ಲಿ ಹೋದ ವರ್ಷ ಟೈಲ್ಸ್ ಹಾಕಿಸಿದ್ದೆವು, ಅರ್ತ್ ವೈರ್ ಅಲ್ಲೇ ತುಂಡಾಗಿದೆ. ನಾಳೆ ಬೆಳಿಗ್ಗೆ ಟೈಲ್ಸ್ ತೆಗೆದು ಸೇರಿಸುತ್ತಾರೆ. ಕೈ ಇನ್ನೂ ನಡುಗುತ್ತಿದೆ.

ರಿಪೇರಿಯವರು: ಸಮಾಧಾನ ಮಾಡಿಕೊಳ್ಳಿ ಅಕ್ಕಾ. ಅರ್ತ್ ಸೇರುವ ತನಕ ಆ ಎರಡು ಪಾಯಿಂಟ್ ಬಳಸಬೇಡಿ. ಸೇರಿಸಿದ ಮೇಲೆ ಮಲ್ಟಿಮೀಟರ್ ಇಟ್ಟು ತೋರಿಸಲು ಹೇಳಿ: ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ತ್‌ಗೆ ಎರಡೂ ಹತ್ತಿರ ಹತ್ತಿರ ಒಂದೇ ವೋಲ್ಟ್ ಬರಬೇಕು. ಪಿಎಸ್4ಗೆ ಅವಸರ ಬೇಡ. ಮಂಗಳವಾರ ಚಿಗರಿ ಬಸ್ಸಿನಲ್ಲಿ ಮಗನ ಕೈಯಲ್ಲಿ ಕಳಿಸಿ, ಕೇಬಲ್ಲೂ ಇರಲಿ. ಎರಡೂ ಪ್ಲಗ್ ಕಿತ್ತ ಮೇಲೇ ಎಚ್‌ಡಿಎಂಐ ಚುಚ್ಚಬೇಕು, ಆಮೇಲೆ ಕರೆಂಟ್. ಅದನ್ನು ಅವನಿಗೆ ನಾನೇ ಕೂರಿಸಿಕೊಂಡು ತೋರಿಸುತ್ತೇನೆ.