ಕಾಪುವಿನ ಬಂಡೆಯಿಂದ ಇಳಿಯಬಹುದೇ?

ವಾಟ್ಸಾಪ್ ಗುಂಪು: ಅಜ್ಜಿಮನೆ, ಮಲ್ಪೆ

ಅಶ್ವಿನ್: ಮೇಲಿನ ವಿಡಿಯೊ ಹವಾಯಿಯ ಶಾರ್ಕ್ಸ್ ಕೋವ್‌ನದು. ದೋಣಿಯೂ ಬೇಡ, ದಡದ ಬಂಡೆಯಿಂದಲೇ ನೀರಿಗಿಳಿದೆವು. ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಕಾಪು ದೀಪಸ್ತಂಭದ ಬಂಡೆಯಿಂದ ಮಕ್ಕಳನ್ನು ಹೀಗೆಯೇ ಇಳಿಸುತ್ತೇನೆ. ಮಾಸ್ಕ್, ನೀರಲ್ಲಿ ಮುಖವಿಟ್ಟು ಉಸಿರಾಡುವ ಕೊಳವೆ ಸ್ನಾರ್ಕೆಲ್ ಇಲ್ಲಿಂದಲೇ ತರುತ್ತೇನೆ.

ಸುಮಾ ಚಿಕ್ಕಮ್ಮ: ಆಮೆ ಎಷ್ಟು ಚಂದ! ಹೆಸರಿನಲ್ಲೇ ಶಾರ್ಕ್ ಇದೆಯಲ್ಲ ಮಾರಾಯ?

ಅಶ್ವಿನ್: ನನಗೆ ಕಂಡದ್ದು ಆಮೆ, ಗಿಳಿಮೀನು ಅಷ್ಟೇ ಚಿಕ್ಕಮ್ಮ.

ರತ್ನಾಕರ ಮಾವ: ಇದು ಬೇಸಿಗೆಯ ವಿಡಿಯೊ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿ ಎಬ್ಬಿಸಿದ ಅಲೆಗಳು ಆ ತೀರಕ್ಕೇ ಬಂದು ಅಪ್ಪಳಿಸುತ್ತವೆ. ಆಗ ಅದೇ ಜಾಗಕ್ಕೆ ಇಳಿಯುವುದು ಹುಚ್ಚುತನ.

ಅಶ್ವಿನ್: ನಮ್ಮ ಕಡಲು ಡಿಸೆಂಬರ್‌ನಲ್ಲಿ ಶಾಂತವಲ್ಲವೇ ಮಾವ? ಮಳೆಗಾಲದಲ್ಲಿ ಇಳಿಯುತ್ತೇನೆ ಎಂದೆನೇ?

ರತ್ನಾಕರ ಮಾವ: ಶಾಂತ, ಒಪ್ಪಿದೆ. ಆದರೆ ಕಾಪುವಿನಲ್ಲಿ ತೆರೆದ ಕಡಲೇ ಬಂಡೆಗೆ ಬಡಿಯುತ್ತದೆ. ಜಿಗಿಯುವುದು ಯಾರಿಗೂ ಬರುತ್ತದೆ, ಹತ್ತುವುದು ಎಲ್ಲಿಂದ? ಕಾಲಿಗೆ ಈಜಲು ಕಟ್ಟುವ ರೆಕ್ಕೆ, ಅದೇ ಫಿನ್, ಬಂಡೆಯ ಮೇಲೆ ಪಾಚಿ. ಕೈಗೆ ಹಿಡಿತ ಸಿಗುವಷ್ಟರಲ್ಲಿ ಹಿಂದಿನಿಂದ ತೆರೆ ಬಂದು ಎತ್ತಿ ಹಾಕುತ್ತದೆ. ಬಂಡೆಗಂಟಿದ ಚಿಪ್ಪುಗಳಿಗೆ ಮೊಣಕಾಲು ತರಚಿ ಹೋಗುತ್ತದೆ.

ಅಶ್ವಿನ್: ಬಂಡೆಗಂಟಿದ ಪಚ್ಚಿಲೆ ಚಿಪ್ಪು ಕೀಳುವವರು ಮುಳುಗುವುದಿಲ್ಲವೇ? ಅವರಿಗೆ ಫಿನ್ ಕೂಡ ಇಲ್ಲ.

ರತ್ನಾಕರ ಮಾವ: ಅವರು ಇಳಿತದ ಹೊತ್ತು ನೋಡಿ ಇಳಿಯುತ್ತಾರೆ. ಒಂದೊಂದು ಸಂದೂ ಅವರಿಗೆ ಗೊತ್ತು. ನೀನು ಹತ್ತು ನಿಮಿಷ ದಡದಲ್ಲಿ ಕುಳಿತು ಅಲೆ ನೋಡಿದ್ದು ಈ ವಿಡಿಯೊದಲ್ಲಿ ಎಲ್ಲಿಯೂ ಇಲ್ಲ.

ರಮ್ಯಾ ಅಕ್ಕ: ಅದಕ್ಕಿಂತ 1:40ರಲ್ಲಿ ನೋಡು. ನಿನ್ನ ಗೆಳೆಯ ಹವಳದ ಮೇಲೆಯೇ ನಿಂತು ಮಾಸ್ಕ್‌ನ ನೀರು ಚೆಲ್ಲುತ್ತಿದ್ದಾನೆ. ಅದು ಜೀವ ಕಣೋ, ಮೆಟ್ಟಿಲಲ್ಲ. ಅಂಥ ಗುಂಡು ಹವಳ ವರ್ಷವಿಡೀ ಬೆಳೆದರೂ ಒಂದು ಸೆಂಟಿಮೀಟರ್ ಆಸುಪಾಸು. 1983ರಿಂದ ಸಂರಕ್ಷಿತವಾದ ಜಾಗ ಬೇರೆ.

ಅಶ್ವಿನ್: ಅವನು ಹೊಸಬ, ಅಕ್ಕ. ಸನ್‌ಸ್ಕ್ರೀನ್ ಮಾತ್ರ ಹವಳಕ್ಕೆ ಕೆಡುಕೆನ್ನುವ ಆಕ್ಸಿಬೆಂಜೋನ್ ರಾಸಾಯನಿಕ ಇಲ್ಲದ್ದನ್ನೇ ಹಚ್ಚಿದ್ದೆವು.

ರಮ್ಯಾ ಅಕ್ಕ: 2021ರಿಂದ ಹವಾಯಿಯಲ್ಲಿ ಅದಿರುವ ಸನ್‌ಸ್ಕ್ರೀನನ್ನು ಅಂಗಡಿಯಲ್ಲಿ ಮಾರುವಂತೆಯೇ ಇಲ್ಲ. ಅದನ್ನು ನಿನ್ನ ಪುಣ್ಯದ ಲೆಕ್ಕಕ್ಕೆ ಸೇರಿಸಬೇಡ.

ಸುಮಾ ಚಿಕ್ಕಮ್ಮ: ನಮ್ಮ ಕಡೆ ಹವಳವೇ ಇಲ್ಲವೇ?

ರತ್ನಾಕರ ಮಾವ: ನೇತ್ರಾಣಿ ದ್ವೀಪದ ಸುತ್ತ ಇದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬೇಕು, ಸುಮಾರು 19 ಕಿ.ಮೀ. ಹವಳಕ್ಕೆ ಬೆಳಕು ಬೇಕು. ನಮ್ಮ ದಡದಲ್ಲಿ ಮರಳು, ಹೊಳೆ ತಂದ ಕೆಸರು ಎದ್ದು ನೀರೇ ಮಸುಕು. ಪಕ್ಕದ ಮಗು ಕಾಣದ ನೀರಿಗೆ ಮಕ್ಕಳನ್ನು ಇಳಿಸಲು ನಾನು ಬಿಡುವುದಿಲ್ಲ. ನೇತ್ರಾಣಿಗೆ ಕರೆದುಕೊಂಡು ಹೋಗು.

ಅಶ್ವಿನ್: ಅಲ್ಲಿ ತಲೆಗೆ ಸಾವಿರಾರು ರೂಪಾಯಿ. ನೀವು ಕೊಡುತ್ತೀರಾ?

ರತ್ನಾಕರ ಮಾವ: ಅರ್ಧ ಕೊಡುತ್ತೇನೆ. ಇನ್ನೊಂದು ವಿಷಯ: ಮುಳುಗುವ ಮೊದಲು ನೀನು ಬುಸುಬುಸು ಉಸಿರಾಡುತ್ತಿದ್ದೀಯಲ್ಲ, ಮೊದಲು ಅದನ್ನು ಬಿಡು. ಹಾಗೆ ಮಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕು ಎನ್ನಿಸುವ ಮೊದಲೇ ಆಮ್ಲಜನಕ ಸಾಲದೆ ನೀರಿನೊಳಗೇ ಎಚ್ಚರ ತಪ್ಪುತ್ತದೆ. ಈಜು ಚೆನ್ನಾಗಿ ಬಲ್ಲವರೇ ಹೀಗೆ ಹೋಗಿದ್ದಾರೆ.

ಅಶ್ವಿನ್: ಅದು ಗೊತ್ತಿರಲಿಲ್ಲ, ಬಿಡುತ್ತೇನೆ. ಕಾಪುವನ್ನು ಮಾತ್ರ ಬಿಡುವುದಿಲ್ಲ. ಇಳಿತದ ಹೊತ್ತಿಗೆ ಹೋಗಿ ನೋಡೋಣ.

ರಮ್ಯಾ ಅಕ್ಕ: ನೋಡು, ಮರಳಿನ ಮೇಲೆ ನಿಂತು. ಮಕ್ಕಳು ನನ್ನ ಜೊತೆ ಇರುತ್ತಾರೆ.

ಸುಮಾ ಚಿಕ್ಕಮ್ಮ: ನೇತ್ರಾಣಿಯ ದೋಣಿಯಲ್ಲಿ ವಾಂತಿ ಬರುತ್ತದಂತೆ ಹೌದೇ? ಬೆಳಿಗ್ಗೆ ತಿಂಡಿ ಮಾಡಬೇಕೋ ಬೇಡವೋ ಈಗಲೇ ಹೇಳಿ.